ಉಡದಾರದ ಕೀಲಿ

ಬನಹಟ್ಟಿ, ೧೬ ಜೂನ್ ೧೯೩೬, ಮಂಗಳವಾರ

ಸೋಲಾಪುರದ ನೇಮಚಂದ ಶೇಟರ ಕಾರ್ಡು ಬಂತು. ಈ ಸಲ ನಮ್ಮ ಸೀರೆ ಬೇಡವಂತೆ. ನಮ್ಮಲ್ಲಿ ಗುಮಾಸ್ತನಾಗಿದ್ದ ಪಾಯಪ್ಪ ಈಗ ತನ್ನದೇ ಅಂಗಡಿಯಿಂದ ಕಳಿಸುತ್ತಿದ್ದಾನಂತೆ. ಸಾಂಗಲಿಯವರೂ ಮಿರಜದವರೂ ಆಗಲೇ ಹೀಗೆ ಬರೆದಾಗಿದೆ.

ಗಿರಾಕಿಗಳ ವಿಳಾಸ ಇವನಿಗೆ ಎಲ್ಲಿ ಸಿಕ್ಕಿತು? ಹನ್ನೆರಡು ವರ್ಷ ವಿಳಾಸದ ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದೇನೆ. ಸೀರೆಯ ಗಂಟನ್ನು ಅವನು ಹೊಲಿದಿಟ್ಟು ಮನೆಗೆ ಹೋದ ಮೇಲೆಯೇ ನಾನು ಅದರ ಮೇಲೆ ವಿಳಾಸ ಬರೆಯುತ್ತಿದ್ದೆ. ಟಪಾಲಿಗೂ ನಾನೇ ಒಯ್ಯುತ್ತಿದ್ದೆ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ, “ಕಳ್ಳ ಅದಾನ ಅಂವಾ. ನನ್ನ ಟ್ರಂಕ ತಗದಾನ.”

ಅನುಸೂಯಾ ರೊಟ್ಟಿ ಹಾಕುತ್ತ ಅಂದಳು, “ಟ್ರಂಕ ಯಾಕ ತಗೀತಾನ್ರಿ? ಸುಮನಾನ ಲಗ್ನಪತ್ರಿಕಾ ಮ್ಯಾಲ ವಿಳಾಸ ಯಾರ ಕಡಿಂದ ಬರಸಿದ್ರಿ?”



ಮಗಳ ಮದುವೆಗೆ ಒಬ್ಬ ಗಿರಾಕಿಯೂ ತಪ್ಪಬಾರದೆಂದು, ಅಕ್ಷರ ಚೆನ್ನಾಗಿದೆಯೆಂದು, ಪುಸ್ತಕವನ್ನು ನಾನೇ ಪಾಯಪ್ಪನ ಕೈಗೆ ಕೊಟ್ಟಿದ್ದೆ. ಎರಡು ದಿನ ಬರೆದ. ಅವನ ಪಕ್ಕದಲ್ಲೇ ಕೂತು ಒಂದೊಂದು ಪತ್ರಿಕೆಗೂ ಕುಂಕುಮ ಹಚ್ಚುತ್ತಿದ್ದೆ. ಮದುವೆಗೆ ಬಂದ ಶೇಟರಿಗೆ ಅವನನ್ನು ನಮ್ಮ ಮನೆಯ ಮಗನೆಂದೇ ತಿಳಿಯಿರಿ ಎಂದವನೂ ನಾನೇ.

ಅವರು ತಿಳಿದಿದ್ದಾರೆ. ಕಾರ್ಡಿನ ಕೊನೆಗೆ ಬರೆದಿದ್ದಾರೆ: ನಿಮ್ಮಿಂದ ಕೊಂಡರೇನು, ನಿಮ್ಮ ಮಗನಿಂದ ಕೊಂಡರೇನು.

ಇದಕ್ಕೆ ಏನಂತ ಉತ್ತರ ಬರೆಯಲಿ? ಆಗಿನಿಂದ ಎರಡು ಸಲ ಮಲಗಿ ಎದ್ದೆ. ಮಗ್ಗಲು ಬದಲಿಸಿದರೆ ಕೀಲಿ ಸೊಂಟಕ್ಕೆ ಒತ್ತುತ್ತದೆ. ಬಿಚ್ಚಿಡಲೂ ಕೈ ಬರುತ್ತಿಲ್ಲ.