ಎರಡು ಬೆರಳು ಕಮ್ಮಿ

ಪಾರ್ಕಿನ ದೋಣಿ ಉಯ್ಯಾಲೆಯ ಗೇಟಿನಲ್ಲಿ ಮಕ್ಕಳ ಎತ್ತರ ನೋಡುವ ಅಣ್ಣನವರಿಗೆ ಒಬ್ಬ ದರ್ಜಿಯ ನಮಸ್ಕಾರ.

ಹೋದ ಬೇಸಿಗೆಯ ಸುಡುಬಿಸಿಲಲ್ಲಿ ಸಾಲು ನಿಂತು ಬಂದ ನನ್ನ ದೊಡ್ಡ ಮಗಳಿಗೆ ನಿಮ್ಮ ಬಾಟಲಿಯ ನೀರು ಕೊಟ್ಟು, "ಎರಡು ಬೆರಳು ಕಮ್ಮಿ ಇದ್ದೀಯ ಪುಟ್ಟಿ, ಮುಂದಿನ ವರ್ಷ ಬಾ" ಅಂದಿರಿ. ಅಲ್ಲಿಂದಾಚೆ ಪ್ರತಿ ಭಾನುವಾರ ನನ್ನ ಟೇಪಿನಲ್ಲಿ ಅಳೆಸಿಕೊಂಡಳು. ಹಿಮ್ಮಡಿ ಎತ್ತಿದರೆ ಗದರುತ್ತಿದ್ದೆ. ನಿಮ್ಮ ಕೆಂಪು ಗೆರೆ ಮುಟ್ಟುವಷ್ಟು ಬೆಳೆದ ವಾರವೇ ಜ್ವರ ಬಂತು. ಅವಳು ನಮಗೆ ದಕ್ಕಲಿಲ್ಲ.

ಟಿಕೆಟ್ ಅವಳಿದ್ದಾಗಲೇ ತೆಗೆದದ್ದು. ಶನಿವಾರ ಬರುತ್ತೇವೆ, ಮೂವರೇ. ಅಕ್ಕನ ಟೋಪಿ ಹಾಕಿಕೊಂಡು ಚಿಕ್ಕವಳು ನಿಮ್ಮೆದುರು ನಿಲ್ಲುತ್ತಾಳೆ. ಅವಳು ಇನ್ನೂ ಒಂದು ಗೇಣು ಕಮ್ಮಿ, ಹತ್ತಿಸಬೇಡಿ. ಆದರೆ ಮುಂದಿನ ವರ್ಷ ಬಾ ಅಂತ ಮಾತ್ರ ಹೇಳಬೇಡಿ ಅಣ್ಣ.

ಇತಿ,
ಇಬ್ಬರು ಹೆಣ್ಣುಮಕ್ಕಳ ತಂದೆ