ಬಲಗಡೆಯ ಅಂಚು

ಮನೆಯಿಂದ,
ಮಾರ್ಚ್ ೧೪, ಬೆಳಗಿನ ಕಾಫಿ ಮುಗಿಸಿ

ಪ್ರೀತಿಯ ತಂಗಿ ಪುಟ್ಟಿಗೆ,

ಅಣ್ಣನ ಆಶೀರ್ವಾದ. ಕಣ್ಣಿನ ಕಟ್ಟು ಬಿಚ್ಚಿದರೆಂದು ಭಾವ ಫೋನಿನಲ್ಲಿ ಹೇಳಿದರು. ಉರಿ ಕಮ್ಮಿಯಾಯಿತೇ? ಭಾವನ ಮಂಡಿನೋವು ಹೇಗಿದೆ? ನಿನ್ನ ಮಗಳು ಗುಂಡಿಯ ಕೆಮ್ಮು ನಿಂತಿತೇ? ಇಲ್ಲಿ ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. "ಈ ವಯಸ್ಸಲ್ಲಿ ಕಂಪ್ಯೂಟರ್ ಹುಚ್ಚು ಬೇರೆ ಹತ್ತಿದೆ ಇವರಿಗೆ" ಅನ್ನುತ್ತಾಳೆ. ಕಾಗದವನ್ನು ಕೈಯಲ್ಲಿ ಬರೆಯದೆ ಪ್ರಿಂಟ್ ಹಾಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ಕಾರಣವಿದೆ.

ಕಣ್ಣಿನ ಆಪರೇಷನ್ನಿಗೆ ಹೊರಡುವ ದಿನ ಪ್ರೆಸ್ಸಿನ ಕಂಪ್ಯೂಟರ್ ಯಂತ್ರಗಳ ಪಾಸ್‌ವರ್ಡ್‌ಗಳನ್ನು ನನಗೆ ಒಪ್ಪಿಸಿ, "ಅಣ್ಣಾ, ಅಕ್ಷರ ಎಲ್ಲ ಈಜಾಡ್ತವೆ. ಕೈಪಿಡಿ ಪುಟ ಓದೋಕಾಗದೋಳು ಯಂತ್ರ ಹೇಗೆ ನೋಡ್ಕೊಳ್ಳಲಿ? ಇನ್ನು ಕೆಲಸಕ್ಕೆ ಬರಲ್ಲ ಅಂತ ಪ್ರೆಸ್ ಯಜಮಾನರಿಗೆ ಹೇಳ್ಬಿಡು" ಎಂದೆಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಾನು ಸೀಸದ ಅಚ್ಚುಮೊಳೆ ಜೋಡಿಸಿ ಬದುಕಿದವನು. ಕಂಪ್ಯೂಟರನ್ನು ನಿನ್ನ ಬೆನ್ನ ಹಿಂದೆ ನಿಂತು ಕದ್ದು ಕಲಿತವನು. ಆದರೆ ಪುಟ ಅಂದರೆ ಪುಟವೇ ತಾನೇ? ಓದಲಾಗದಿದ್ದರೆ ತಪ್ಪು ಪುಟದ್ದು, ಕಣ್ಣಿನದಲ್ಲ. ಸೊಂಟ ಕಟ್ಟಿ ನಿನ್ನ ಕುರ್ಚಿಯಲ್ಲಿ ಕೂತೆ.

ಕೈಪಿಡಿ ತೆರೆಯಲು ನೀನು ಒತ್ತುತ್ತಿದ್ದ ಹಾಗೆ ಮ್ಯಾನ್ ಎಂದು ಒತ್ತಿ ಒಂದು ಪುಟ ತೆಗೆದೆ. ಅಯ್ಯೋ, ಸಾಲು ಪರದೆಯ ಈ ಕೊನೆಯಿಂದ ಆ ಕೊನೆಗೆ! ಓದಿ ಹಿಂದಿರುಗುವಷ್ಟರಲ್ಲಿ ಮುಂದಿನ ಸಾಲು ಎಲ್ಲಿತ್ತೋ ಮರೆತುಹೋಗುತ್ತದೆ. ಅಕ್ಷರ ದೊಡ್ಡದು ಮಾಡಿ, ಸಾಲಿನ ಅಗಲ ಹೇಳುವ ಮ್ಯಾನ್‌ವಿಡ್ತ್ ಎಂಬ ಹೆಸರಿಗೆ ನಲವತ್ತೆಂಟು ಅಕ್ಷರ ಎಂದು ಕೊಟ್ಟೆ. ಸಾಲು ಮೊಟಕಾಯಿತು. ಆದರೆ ಎರಡೂ ಅಂಚು ಸಮ ಮಾಡುವ ಹಟದಲ್ಲಿ ಅದು ಪದಗಳ ನಡುವೆ ಜಾಗ ತುಂಬಿ, ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಸಾಲದ್ದಕ್ಕೆ ಪದಗಳನ್ನು ಅರ್ಧಕ್ಕೆ ಮುರಿದು ಕೆಳಗಿಟ್ಟಿತ್ತು. ಮುರಿಯುವುದನ್ನು ನಿಲ್ಲಿಸಲು ನನಗೇನೂ ಕಷ್ಟವಾಗಲಿಲ್ಲ. ಅಂಚಿನ ವಿಷಯದಲ್ಲಿ ಮಾತ್ರ ಕೈ ತಡೆಯಿತು. ಎರಡೂ ಬದಿ ಗೋಡೆಯಂತೆ ನೆಟ್ಟಗಿರಬೇಕು, ಅದು ಮೊಳೆ ಜೋಡಿಸುವವನ ಮಾನ. ಬಲಗಡೆ ಇಲಿ ಕಚ್ಚಿದಂತೆ ಬಿಟ್ಟಿದ್ದರೆ ನಮ್ಮ ಮೇಸ್ತ್ರಿ ಕಿವಿ ಹಿಂಡುತ್ತಿದ್ದರು. ಚಹಾ ತಣ್ಣಗಾಗುವವರೆಗೆ ಯೋಚಿಸಿದೆ. ನಿನ್ನ ಹಳೆಯ ಕನ್ನಡಕ ಹಾಕಿಕೊಂಡು ಎರಡು ಬಗೆಯಲ್ಲೂ ಓದಿ ನೋಡಿದೆ. ಒರಟು ಅಂಚಿನ ಪುಟವೇ ಕಣ್ಣಿಗೆ ನಿಂತಿತು. ಬಿಟ್ಟುಕೊಟ್ಟೆ, ಪುಟ್ಟೀ. ಮೇಸ್ತ್ರಿ ಬಂದು ಕೇಳಲಿ, ಉತ್ತರ ಕೊಡುತ್ತೇನೆ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ಇದನ್ನೆಲ್ಲ ನಿನ್ನ ಖಾತೆಯ ಫೈಲಿನಲ್ಲಿ ಬರೆಯುವ ಬದಲು ಎಲ್ಲರಿಗೂ ಅನ್ವಯಿಸುವ ಫೈಲಿನಲ್ಲಿ ಬರೆದುಬಿಟ್ಟಿದ್ದೆ! ಮರುದಿನ ಪುಟ ವಿನ್ಯಾಸದವಳು ಕೂಗಿದಳು, "ಏನಣ್ಣಾ, ಕೈಪಿಡಿ ಪುಟಗಳನ್ನ ಉಪವಾಸ ಕೂರಿಸಿದ್ದೀರಾ? ಹೀಗೆ ಸೊರಗಿವೆ!" ಪ್ರೆಸ್ಸೆಲ್ಲ ನಕ್ಕಿತು. ನಾನೂ ನಕ್ಕು, ಆ ನಾಲ್ಕು ಸಾಲನ್ನು ಕಿತ್ತು ನಿನ್ನ ಫೈಲಿಗೆ ತಂದು ಹಾಕಿದೆ. ಈಗ ನೀನು ಬಂದು ಕೂತಾಗ ಮಾತ್ರ ಪುಟ ಹಾಗೆ ತೆರೆದುಕೊಳ್ಳುತ್ತದೆ.

ಔಷಧಿ ಹೊತ್ತು ತಪ್ಪಿಸಬೇಡ. ಭಾವನಿಗೆ ನಮಸ್ಕಾರ, ಗುಂಡಿಗೆ ಮುತ್ತು. ನಿನ್ನ ಕುರ್ಚಿಗೆ ದಿನಾ ಧೂಳು ಹೊಡೆಯುತ್ತಿದ್ದೇನೆ.

ನಿನ್ನ,
ಅಣ್ಣ

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು, ಅಸಲು ಮಾತೇ ಉಳಿದಿದೆ. ಈ ಕಾಗದದ ಬಲಗಡೆ ನೋಡು. ಅದೇ ಅಗಲ, ಅದೇ ದೊಡ್ಡ ಅಕ್ಷರ, ಅದೇ ಒರಟು ಅಂಚು. ಯಜಮಾನರಿಗೆ ನಾನಿನ್ನೂ ಏನೂ ಹೇಳಿಲ್ಲ. ಇಲ್ಲಿಯವರೆಗೆ ಭಾವ ಓದಿ ಹೇಳಿದ್ದರೆ, ನೀನು ಹೇಳಿದ ಹಾಗೆಯೇ, ಇನ್ನು ಬರುವುದಿಲ್ಲವೆಂದು ಯಜಮಾನರಿಗೆ ತಿಳಿಸುತ್ತೇನೆ. ನೀನೇ ಓದಿಕೊಂಡು ಬಂದಿದ್ದರೆ, ಸಾಯಲಿ, ಹೇಳುವುದಿಲ್ಲ. ಓದಿದ್ದು ಯಾರು ಅನ್ನುವುದೊಂದನ್ನು ಬೇಗ ಬರೆ.