ಜೋನಲಿನ್ ಓದುತ್ತಾಳೆಂದು ಸಾರಿದ್ದು

ಮಾರ್ಚ್ 5, ಸೋಮವಾರ, ಸಂಜೆ

ಶುಂಠಿ ಗಂಜಿ ಇವತ್ತೂ ತಳ ಹಿಡಿಯಿತು. ಹದಿನಾಲ್ಕು ಮಕ್ಕಳು, ಒಂದು ರಬ್ಬರಿಗೆ ಮೂರು ಜಗಳ. ಸ್ಕೂಲು ಬಿಟ್ಟು ನೇರ ಪ್ರಾರ್ಥನಾಲಯದ ಹಿಂದಿನ ಕೋಣೆಗೆ ಬರುತ್ತವೆ — ಕಾಲು ತೊಳೆಯಿರಿ ಅಂದರೆ ಎಲ್ಲಕ್ಕೂ ಕಿವುಡು. ಹೆತ್ತದ್ದು ಒಂದೂ ಇಲ್ಲ, ಟೊಂಡೊದ ಈ ಓಣಿಗೆಲ್ಲ ನಾನೇ ನಾನಾಯ್, ಅಂದರೆ ಅಮ್ಮ.

ಜೋನಲಿನ್ ಪುಸ್ತಕದ ಮೇಲೆ ಮುಖವಿಟ್ಟು ನಿದ್ದೆ. ಕೈಯೆಲ್ಲ ಬೆಳ್ಳುಳ್ಳಿ ನಾತ. ಬೆಳಗ್ಗೆ ಅಪ್ಪನ ಜೊತೆ ಕೂಲಿಗೆ ಒಂದು ಚೀಲ ಸುಲಿದೇ ಸ್ಕೂಲಿಗೆ ಹೋಗಿದ್ದು.

“ಕಣ್ಣು ಬಿಡೇ!”

“ಬಿಟ್ಟಿದೀನಿ ನಾನಾಯ್... ಒಳಗಡೆಯಿಂದ.”

ಹತ್ತು ವರ್ಷ. ಮೂರನೇ ಕ್ಲಾಸು ಎರಡನೇ ಸಲ. ಅಕ್ಷರ ಗೊತ್ತು, ಕೂಡಿಸಿ ಓದಲು ಬಾರದು. ಏಪ್ರಿಲ್ 4ಕ್ಕೆ ಓದುವ ಪರೀಕ್ಷೆ. ಮಾತೆ ಮರಿಯಾ, ತಾಳ್ಮೆ ಕೊಡು.

ಮಾರ್ಚ್ 12

ಅವಳಪ್ಪ ಡೆನ್ಸ್ಯೊ ಹತ್ತಿರ ಹೋಗಿದ್ದೆ. ಚಾಕು ಕೆಳಗಿಡಲಿಲ್ಲ.

“ಬೆಳ್ಳುಳ್ಳಿನಾದ್ರೂ ಸಿಪ್ಪೆ ಬಿಡುತ್ತೆ ನಾನಾಯ್, ಇವಳನ್ನ ಮೂರನೇ ಕ್ಲಾಸ್ ಬಿಡ್ತಿಲ್ಲ. ಈ ಸಲಾನೂ ಫೇಲಾದ್ರೆ ಸ್ಕೂಲ್ ಸಾಕು. ದಿನಪೂರ್ತಿ ಚೀಲದ ಮುಂದೆ ಕೂರ್ಲಿ.”

“ನಾಲ್ಕನೇ ತಾರೀಕಿನವರೆಗೆ ಬಾಯ್ಮುಚ್ಚು” ಅಂದೆ. ಆ ಒರಟು ಮಾತಿಗೆ ಆಮೇಲೆ ಒಂದು ಜಪಮಾಲೆ.

ಮಾರ್ಚ್ 26, ಪವಿತ್ರ ವಾರದ ಸೋಮವಾರ

ಪ್ರಾರ್ಥನಾಲಯದಲ್ಲಿ, ಯೇಸು ಶಿಲುಬೆಯಲ್ಲಿ ಪಟ್ಟ ಪಾಡಿನ ಹಾಡು ಶುರು. ಪುಸ್ತಕ ಮುಗಿಯುವವರೆಗೆ ನಿಲ್ಲಬಾರದು. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಮಧ್ಯಾಹ್ನ ಬದಲಿಗೆ ಯಾರೂ ಇಲ್ಲ. ಜೋನಲಿನ್ ಬಂದು ಕೂತಳು. ಮುಂದೆ ಪುಸ್ತಕ, ಪದ್ಯದ ಮೇಲೆ ಪದ್ಯ, ಒಂದಕ್ಷರ ತಪ್ಪಿಲ್ಲ! ಅತ್ತೇಬಿಟ್ಟೆ. ಡೆನ್ಸ್ಯೊಗೆ, ಮೀನಿನವಳಿಗೆ, ಹಾಡಲು ಬಂದ ಅವಳ ಟೀಚರ್ ಎಡ್ನಾಗೆ — ಎಲ್ಲರಿಗೂ ಸಾರಿದೆ.

“ಹಾಗಾದ್ರೆ ಪರೀಕ್ಷೆ ದಿನ ಹೆಡ್‌ಮಿಸ್ಟ್ರೆಸ್ ಮುಂದೇನೇ ಓದಿಸ್ತೀನಿ” ಅಂದರು ಟೀಚರ್.

ಮಾರ್ಚ್ 27

ನಾನೆಂಥ ಕತ್ತೆ! ಫ್ಯಾನಿನ ಗಾಳಿಗೆ ಎರಡು ಹಾಳೆ ಒಟ್ಟಿಗೆ ಮಗುಚಿದವು. ಜೋನಲಿನ್ ಮಾತ್ರ ಹಾರಿಹೋದ ಪುಟವನ್ನೇ ಹಾಡುತ್ತಿದ್ದಾಳೆ. ಅಜ್ಜಿ ಬದುಕಿದ್ದಾಗ ಅವಳ ಮಡಿಲಲ್ಲಿ ವರ್ಷವರ್ಷವೂ ಕೇಳಿ ಬಾಯಿಪಾಠ.

“ಯಾಕೇ ಹೇಳ್ಲಿಲ್ಲ?”

“ನೀವು ಖುಷಿಯಿಂದ ಅಳ್ತಿದ್ರಲ್ಲ...”

ಮಾರ್ಚ್ 30, ಶುಭ ಶುಕ್ರವಾರ

ಬಾಯಲ್ಲಿರುವುದನ್ನೇ ಕಣ್ಣಿಗೆ ಹಚ್ಚಬೇಕು. ಪ್ರತಿ ಪದದ ಕೆಳಗೂ ಬೆರಳು. ಬೆರಳು ಇಲ್ಲಿ, ಹಾಡು ಮೂರು ಸಾಲು ಮುಂದೆ. “ನಿಲ್ಲೇ ಮಾರಾಯ್ತಿ, ರೈಲು ಹಿಡೀಬೇಕಾ?” ನಾಲ್ಕನೇ ಪದ್ಯಕ್ಕೆ ತಾನೇ ನಿಂತಳು.

“ನಾನಾಯ್, ಇದೂ ಅದೂ ಒಂದೇ ಪದ ಅಲ್ವಾ?”

ಹೌದು. ಹೌದಮ್ಮಾ.

ಮುಂದಿನ ಪದ್ಯಕ್ಕೆ ಮತ್ತೆ ಓಟ.

ಏಪ್ರಿಲ್ 3

ಟೀಚರ್ ಎಡ್ನಾಗೆ ನಿಜ ಹೇಳಿದೆ. “ಹೆಡ್‌ಮಿಸ್ಟ್ರೆಸ್‌ಗೆ ಹೇಳಾಗಿದೆಯಲ್ಲ ನಾನಾಯ್, ಈಗ ಏನು ಮಾಡ್ಲಿ?” ತಪ್ಪು ನನ್ನದು, ಪರೀಕ್ಷೆಗೆ ನಿಲ್ಲುವವಳು ಜೋನಲಿನ್. ಹಾಡಿದರೆ ಬೆರಳು ಸರಿಯಾಗಿ ನಡೆಯುತ್ತದೆ. ಸ್ಕೂಲ್ ಪುಸ್ತಕ ಕೊಟ್ಟರೆ ಮೂಗಿ.

ಏಪ್ರಿಲ್ 4, ಬೆಳಗ್ಗೆ ಹತ್ತೂವರೆ

ಸ್ಕೂಲ್ ಜಗುಲಿಯಲ್ಲಿ ಕೂತಿದ್ದೇನೆ. ಕೈ ಸುಮ್ಮನಿರದು, ಅದಕ್ಕೆ ಬರೆಯುವುದು. ಕಿಟಕಿ ತೆರೆದಿದೆ. ಒಳಗೆ ಸದ್ದಿಲ್ಲ. ಇನ್ನೂ ಇಲ್ಲ... ಈಗ ಅವಳ ದನಿ.

ಅಯ್ಯೋ ದೇವರೇ, ಪಾಡಿನ ರಾಗ! ಹೆಡ್‌ಮಿಸ್ಟ್ರೆಸ್ ಮುಂದೆ ಬಾಯಿಪಾಠ ಒಪ್ಪಿಸುತ್ತಿದ್ದಾಳೆ. ಮುಗಿಯಿತು. ಹೋಗಿ ಎಳೆದುಕೊಂಡು ಬರಲೇ —

ತಾಳು. ಮೇಕೆ ಅಂದಳೇ? ಬೇಲಿ ಹಾರಿದ ಮೇಕೆ... ಪಾಡಿನ ಪುಸ್ತಕದಲ್ಲಿ ಬೇಲಿ ಹಾರುವ ಮೇಕೆ ಎಲ್ಲಿದೆ? ಇದು ಸ್ಕೂಲ್ ಪುಸ್ತಕದ್ದು! ಎಳೆದು ಎಳೆದು, ಪದಪದಕ್ಕೂ ನಿಂತು... ರಾಗ ಮಾತ್ರ ಅಜ್ಜಿಯದು. ಟೊಮೇಟೊ ತೋಟಕ್ಕೆ... ನು... ನುಗ್ಗಿ... ಇನ್ನೊಂದು ಸಾಲು, ನನ್ನ ಚಿನ್ನ, ಇನ್ನೊಂದೇ...